ಸಂದೇಹದ ಪುಟ

ಅಕ್ಕೋರ ಎಡ ಅಂಗೈ ಸದಾ ನೀಲಿಯಾಗಿರುತ್ತಿತ್ತು. ಬಸ್ಸಿನಲ್ಲೋ ಸಂತೆಯಲ್ಲೋ ಯಾರಾದರೂ ಆಡಿದ ಮಾತು ಹಿಡಿಸಿಬಿಟ್ಟರೆ ಚೀಲದಿಂದ ಪುಸ್ತಕ ತೆಗೆಯುವಷ್ಟು ತಾಳ್ಮೆ ಅವರಿಗಿರಲಿಲ್ಲ. ಬಾಲ್ ಪೆನ್ನಿನಿಂದ ಅಂಗೈ ಮೇಲೆಯೇ ಗೀಚಿಕೊಳ್ಳುತ್ತಿದ್ದರು. ಹೆಬ್ಬೆರಳ ಬುಡದಲ್ಲಿ ಶುರುವಾದ ಸಾಲು ಕಿರುಬೆರಳವರೆಗೆ ಹೋಗಿ, ಜಾಗ ಸಾಲದೆ ಮಣಿಕಟ್ಟಿಗೆ ಇಳಿಯುತ್ತಿತ್ತು. ಹಾಜರಿ ಕರೆಯುವ ಮೊದಲು ಆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿಕೊಳ್ಳುವರು. ನನ್ನ ಸಹಪಾಠಿಯೊಬ್ಬ ಅದು ಹಸಿರು ಶಾಯಿ ಎನ್ನುತ್ತಾನೆ. ಎಡಗೈ ಎಂದು ನಾನು ಹೇಳುತ್ತಿರುವುದೂ ನೆನಪಿನಿಂದಲ್ಲ, ಅವರು ಬಲಗೈಯಲ್ಲಿ ಬರೆಯುತ್ತಿದ್ದರು ಎಂಬ ತರ್ಕದಿಂದ.

ಶಿರಸಿಯ ಕಾಲೇಜಿನಲ್ಲಿ ಅವರು ನಮಗೆ ಬಿ.ಎ. ತರಗತಿಗೆ ಕನ್ನಡ ಕಲಿಸಿದರು. ಉಳಿದವರನ್ನೆಲ್ಲ ಮೇಡಂ ಎನ್ನುತ್ತಿದ್ದ ನಾವು ಅವರನ್ನು ಮಾತ್ರ ಅಕ್ಕೋರೇ ಎನ್ನುತ್ತಿದ್ದೆವು. ಮೊದಲು ಯಲ್ಲಾಪುರದ ಪ್ರಾಥಮಿಕ ಶಾಲೆಯಲ್ಲಿದ್ದವರು. ಶಾಲೆಯಲ್ಲಿ ಕಲಿಸುವ ಹೆಂಗಸು ನಮ್ಮ ಕಡೆ ಅಕ್ಕೋರೇ. ಕಾಲೇಜಿಗೆ ಬಂದರೂ ಆ ಹೆಸರು ಅವರನ್ನು ಬಿಡಲಿಲ್ಲ. ಅವರದು ಯಲ್ಲಾಪುರದ ಲಾರಿ ಓಡಿಸುವ ಮನೆತನ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ. "ಮುಸ್ಲಿಮರಾಗಿ ಎಷ್ಟು ಚಂದ ಕನ್ನಡ ಮಾತಾಡ್ತೀರಿ ಮೇಡಂ" ಎಂದು ಪೇಟೆಯಲ್ಲಿ ಯಾರಾದರೂ ಮೆಚ್ಚಿದರೆ ಅವರು ನಕ್ಕು ಅದನ್ನೂ ಅಂಗೈಗೆ ಏರಿಸುತ್ತಿದ್ದರು. ಹೊಗಳಿಕೆಯ ವೇಷ ಹಾಕಿದ ತೆಗಳಿಕೆಗೆ ವ್ಯಾಜಸ್ತುತಿ ಎನ್ನುತ್ತಾರಲ್ಲ, ಅವರ ಪುಸ್ತಕದ ಆ ಪುಟದಲ್ಲಿ ಈ ಮಾತು ಮೂರು ಸಲ ಇದೆ, ಮೂರು ಬೇರೆ ಬೇರೆ ಹೆಸರುಗಳ ಮುಂದೆ.

ಆ ಪುಸ್ತಕದ ವಿಷಯ ಹೇಳಬೇಕು. ಉದ್ದನೆಯ ರಟ್ಟಿನ ಪುಸ್ತಕ. ಒಂದೊಂದು ಅಲಂಕಾರಕ್ಕೆ ಒಂದೊಂದು ಪುಟ. ಮೇಲೆ ಹೆಸರು, ಕೆಳಗೆ ಎರಡು ಸಾಲಿನ ಲಕ್ಷಣ, ಆಮೇಲೆ ಉದಾಹರಣೆಗಳು. ಕಾವ್ಯದಿಂದ ತೆಗೆದದ್ದು ಒಂದೂ ಇಲ್ಲ.

"ಕಮಲ, ಚಂದ್ರ ಎಲ್ಲಾ ಪರೀಕ್ಷೆಗೆ ಇರ್ಲಿ," ಎನ್ನುತ್ತಿದ್ದರು. "ಇದಕ್ಕ ಮಂದಿ ಬಾಯಿಂದ ಬಿದ್ದದ್ದೇ ಆಗಬೇಕು. ಯಾರ್ ಅಂದ್ರು, ಎಲ್ಲಿ ಅಂದ್ರು, ಯಾರಿಗ್ ಅಂದ್ರು. ಮೂರೂ ಬೇಕು."

ಅಪಹ್ನುತಿ ಎಂಬ ಅಲಂಕಾರ ನನಗೆ ಒಂದು ವರ್ಷ ತಲೆಗೆ ಹತ್ತಿರಲಿಲ್ಲ. ಇದ್ದದ್ದನ್ನು ಅಲ್ಲ ಎಂದು, ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸುವುದು. ಅಕ್ಕೋರು ಕರಾವಳಿಯಿಂದ ಬರುವ ಮೀನಿನ ಹೆಂಗಸೊಬ್ಬಳು ಬುಟ್ಟಿ ತೆರೆದು ಹೇಳಿದ್ದನ್ನು ಓದಿದರು: "ಸತ್ತದ್ದಲ್ರಾ ಇದು, ಮನಿಕಂಡದೆ." ಸತ್ತಿಲ್ಲ, ಮಲಗಿದೆಯಂತೆ ಬಂಗಡೆ. ಅಷ್ಟು ಸಾಕಾಯಿತು.

ಯಾವ ಮಾತನ್ನೂ ಅವರು ನೇರ ಪುಸ್ತಕಕ್ಕೆ ಇಳಿಸುತ್ತಿರಲಿಲ್ಲ. ಆಡಿದವರನ್ನು ಹುಡುಕಿಕೊಂಡು ಹೋಗಿ, ಎದುರು ಕುಳಿತು ಓದಿ, ಇದು ನಿಮ್ಮದೇ ಹೌದೋ, ಬರೆದುಕೊಳ್ಳಬಹುದೋ ಎಂದು ಕೇಳುವರು. ಆಮೇಲೆ ಇನ್ನೊಮ್ಮೆ ಹೇಳಿಸುವರು. ಭೈರುಂಬೆಯ ಹುಡುಗನೊಬ್ಬ ತನ್ನ ಅಜ್ಜಿಯ ಮಾತು ತಂದಿದ್ದ: "ಈ ಮಿಕ್ಸರ್ ಯನ್ನ ಅತ್ತೆ ಹಾಂಗೆ, ಕೆಲ್ಸಕ್ಕಿಂತ ಕೂಗದೇ ಜಾಸ್ತಿ." ಉಪಮೆಗೆ ಬೇಕಾದ ನಾಲ್ಕೂ ಅಂಗ ಇದ್ದ ಮಾತು. ಅಕ್ಕೋರು ನಮ್ಮಲ್ಲಿ ನಾಲ್ವರನ್ನು ಕಟ್ಟಿಕೊಂಡು ಭೈರುಂಬೆಗೆ ಹೋದರು. ಅಜ್ಜಿಯ ಸೊಸೆ ಬಾಗಿಲಲ್ಲೇ ನಿಂತಿದ್ದರು. ಅಜ್ಜಿ ಆ ಕಡೆ ಈ ಕಡೆ ನೋಡಿ, "ಅತ್ತೆ ಅಲ್ದೇ, ಆನು ಹೇಳಿದ್ದು ಆಚೆಮನೆಯವ್ರ ಹಾಂಗೆ ಹೇಳಿ," ಎಂದರು.

ಸೊಸೆ ಬಾಗಿಲಿನಿಂದಲೇ, "ಆಚೆಮನೆಯವ್ರೂ ಕೇಳ್ತಾ ಇದ್ದ ಅತ್ತೆ, ನಿಧಾನ ಮಾತಾಡಿ!" ಎಂದರು.

ಅಕ್ಕೋರು ಎರಡನ್ನೂ ಬರೆದುಕೊಂಡರು. ವಾಪಸು ಬರುವಾಗ ಹೇಳಿದರು: "ತನ್ನ ಮಾತನ್ನ ಇದ್ದಂಗೇ ಎರಡು ಸಲ ಯಾರೂ ಹೇಳೂದಿಲ್ಲ, ನೋಡ್ರಿ. ಎರಡ್ನೇ ಸಲ ಅಂಜಿಕಿ ಬರ್ತದ, ಇಲ್ಲಾ ಶೋಕಿ ಬರ್ತದ."

ನನ್ನ ಪಾಲಿಗೆ ಬಂದದ್ದು ಸಂದೇಹಾಲಂಕಾರ. ಇದು ಇದೋ, ಅದೋ ಎಂದು ತೀರ್ಮಾನವಾಗದೆ ಮಾತು ನಿಂತುಬಿಡಬೇಕು. ಪುಸ್ತಕದಲ್ಲಿ ಆ ಪುಟ ಆರು ವರ್ಷದಿಂದ ಖಾಲಿ. ನನಗೆ ಆ ಪುಟ ಬೇಕಿತ್ತು. ನಾನು ಸಿದ್ದಾಪುರದಿಂದ ದಿನಾ ಬಸ್ಸಿನಲ್ಲಿ ಬರುವವಳು, ಕೊನೆಯ ಬೆಂಚಿನವಳು, ಅಕ್ಕೋರಿಗೆ ನನ್ನ ಹೆಸರು ಹಾಜರಿ ಪುಸ್ತಕ ನೋಡದೆ ನೆನಪಾಗುತ್ತಿತ್ತೋ ಇಲ್ಲವೋ. ಅಲ್ಲಿ ಒಂದು ಸಾಲು ನನ್ನ ಕೈಯಿಂದ ಹೋಗಬೇಕೆಂಬ ಆಸೆ ಹತ್ತಿಕೊಂಡಿತು. ಎರಡು ವಾರ ಬಸ್ಸಿನಲ್ಲಿ ಕಿವಿ ಚಾಚಿ ಕೂತೆ. ಜನ ಬೈದರು, ಹೋಲಿಸಿದರು, ಉತ್ಪ್ರೇಕ್ಷೆ ಮಾಡಿದರು. ಸಂದೇಹವನ್ನು ಮಾತ್ರ ಯಾರೂ ಹಾಗೇ ಬಿಡಲಿಲ್ಲ. ಸಂಶಯ ಬಂದರೆ ಪಕ್ಕದವರನ್ನು ಕೇಳಿ ತೀರಿಸಿಕೊಂಡುಬಿಡುತ್ತಿದ್ದರು.

ಹಾಗಾಗಿ ನಾನೇ ಒಂದು ಮಾಡಿದೆ. "ಕೆಳಗೆ ಕಾಣೂದು ಮಂಜೋ, ಸಮುದ್ರನೇ ಘಟ್ಟದ ಬುಡಕ್ಕೆ ಬಂತೋ?" ಯಾರ ಬಾಯಿಗೆ ಹಾಕುವುದು? ಅರಬೈಲ್ ಘಟ್ಟದ ತಿರುವಿನ ಚಹಾ ಅಂಗಡಿಯವನ ಬಾಯಿಗೆ. ಶಿರಸಿಯಿಂದ ಅಷ್ಟು ದೂರ ಯಾರು ಹೋಗಿ ಕೇಳುತ್ತಾರೆ?

ಅಕ್ಕೋರು ಚೀಟಿಯನ್ನು ಎರಡು ಸಲ ಓದಿದರು. ಮುಖ ಅರಳಿತು. "ಅಲ್ಲಿ ಅಂಗಡಿ ಎರಡದಾವ. ಮ್ಯಾಲಿಂದೋ, ಕೆಳಗಿಂದೋ?"

"ಕೆಳಗಿಂದು," ಎಂದೆ.

"ನಮ್ಮ ಅಬ್ಬಾ ಉಪ್ಪು ತರಾಕ ಅಂಕೋಲಾಕ್ಕ ಲಾರಿ ಒಯ್ತಿದ್ರು. ಸೂಟಿಯಾಗ ನಾ ಕ್ಯಾಬಿನ್‌ದಾಗ. ಆ ಘಟ್ಟದಾಗ ನಾ ಚಹಾ ಕುಡೀದ ಅಂಗಡಿ ಇಲ್ಲ ತಂಗೀ. ಭಾನುವಾರ ಹೋಗೂಣು."

ಘಟ್ಟದ ರಸ್ತೆಯ ಲಾರಿ ಡ್ರೈವರನ ಮಗಳಿಗೆ ಆ ಘಟ್ಟದ್ದೇ ಸುಳ್ಳು ಹೇಳಿದ್ದೆ. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ನಾಲ್ಕೂ ದಿನ ಬಾಯಿ ಬಿಡಲು ಹೋಗಿ ಬಿಡಲಿಲ್ಲ.

ಶಿರಸಿಯಿಂದ ಯಲ್ಲಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಅಂಕೋಲೆಯ ಬಸ್ಸು. ದಾರಿಯುದ್ದ ಅವರ ಕುತೂಹಲಕ್ಕೆ ಕೊನೆಯಿರಲಿಲ್ಲ. "ಬರೀ ಕವಿಗಳಿಗಷ್ಟೇ ಸಂದೇಹ ಬರ್ತದೇನು? ಮಂದಿಗೆ ಯಾಕ ಬರೂದಿಲ್ಲ ಅಂತ ನಾ ಆರು ವರ್ಷ ತಲಿ ಕೆಡಿಸ್ಕೊಂಡೀನಿ. ಬರ್ತದ. ಬಂದ್ರೂ ಯಾರೂ ಅದರಾಗ ನಿಂದ್ರೂದಿಲ್ಲ. ಈ ಮನುಷ್ಯ ನಿಂತಾನಲ್ಲ! ಅವನ್ನ ನೋಡಬೇಕು."

ಚಹಾ ಅಂಗಡಿಯವನು ಗ್ಲಾಸು ತೊಳೆಯುತ್ತಿದ್ದ. ಆತ ನೀಲಿ ಅಂಗಿ ತೊಟ್ಟಿದ್ದ ಎಂದು ಆಮೇಲೆ ಬರೆದ ಒಂದು ಕಥೆಯಲ್ಲಿ ಹೇಳಿದ್ದೇನೆ, ಬನಿಯನ್ನು ಎಂದು ಇನ್ನೊಂದರಲ್ಲಿ. ಎರಡಕ್ಕೂ ನನ್ನಲ್ಲಿ ಸಾಕ್ಷಿಯಿಲ್ಲ. ಅಕ್ಕೋರು ಎರಡು ಚಹಾ ಹೇಳಿ, ತಾವು ಯಾರೆಂದು ತಿಳಿಸಿ, ಚೀಟಿ ತೆಗೆದು ನಿಧಾನವಾಗಿ ಎರಡು ಸಲ ಓದಿದರು. "ಇದು ನೀವು ಅಂದದ್ದಂತಲ್ರೀ?"

ಆತ ನನ್ನ ಕಡೆ ನೋಡಿದ. ನಾನು ಗ್ಲಾಸಿನೊಳಗೆ ನೋಡಿದೆ.

"ಹೌದ್ರಾ ಅಕ್ಕೋರೇ. ನಾನೇ ಹೇಳಿದ್ದು," ಎಂದ.

ಪುಟ ನನ್ನದಾಯಿತು.

"ಇನ್ನೊಮ್ಮೆ ಹೇಳ್ರಿ."

ಆತ ಕೈ ಒರೆಸಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ನೇರ ನಿಂತು ಹೇಳಿದ. ಒಂದು ಅಕ್ಷರ ಆಚೀಚೆ ಆಗದಂತೆ, 'ಘಟ್ಟದ ಬುಡಕ್ಕೆ' ಎನ್ನುವಲ್ಲಿ ಅಕ್ಕೋರು ಎಳೆದ ಹಾಗೆಯೇ ಎಳೆದು.

ಅಕ್ಕೋರು ಪೆನ್ನಿನ ಮುಚ್ಚಳ ಹಾಕಿದರು. "ಚಹಾ ಚಲೋ ಅದರೀ," ಎಂದು ಎದ್ದರು.

ವಾಪಸು ಬಸ್ಸಿಗಾಗಿ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತೆವು. ಬೈಗುಳಕ್ಕಾಗಿ ಕಾದೆ. ಅವರು ಕೇಳಿದ್ದು ಬೇರೆ: "ಅವ ಯಾಕ ಹೌದು ಅಂದ?"

"ನಿಮಗೆ ಬೇಜಾರಾಗಬಾರದು ಅಂತ ಇರಬಹುದು."

"ನಿನ್ನ ಕಾರಣಾನೂ ಅದೇ ಏನು?"

"ಅಲ್ಲ," ಎಂದೆ. "ನನಗೆ ಆ ಪುಟ ಬೇಕಿತ್ತು ಅಕ್ಕೋರೇ. ಆ ಮಾತು ನಾನೇ ಮಾಡಿದ್ದು."

"ಮಂಜು, ಸಮುದ್ರ. ಎಲ್ಲಿಂದ ತಂದಿ?"

ಚಿಕ್ಕಮ್ಮನ ಮದುವೆಗೆ ಅಂಕೋಲೆಗೆ ಹೋಗುವಾಗ ಬೆಳಿಗ್ಗೆ ಇದೇ ಘಟ್ಟ ಇಳಿದಿದ್ದೆ ಎಂದೆ. ಕಿಟಕಿಯಿಂದ ಕೆಳಗೆ ಬೆಳ್ಳಗೆ ಹರಡಿದ್ದನ್ನು ಕಂಡು ಒಂದು ಕ್ಷಣ ನಿಜಕ್ಕೂ ಸಮುದ್ರ ಇಷ್ಟು ಹತ್ತಿರವೇ ಎನಿಸಿತ್ತು.

ಅವರು ನನ್ನ ಕಡೆ ಪೂರ್ತಿ ತಿರುಗಿದರು. "ಹಂಗಾರ ಸುಳ್ಳಲ್ಲಲ್ಲ! ಯಾರಿಗ್ ಅಂದಿ?"

"ಯಾರಿಗೂ ಇಲ್ಲ. ಪಕ್ಕದಲ್ಲಿ ಅಪ್ಪ ನಿದ್ದೆ ಮಾಡ್ತಿದ್ರು."

"ಎಬ್ಬಿಸಬೇಕಿತ್ತು ತಂಗೀ."

ಪುಸ್ತಕ ಚೀಲಕ್ಕೆ ಇಳಿಸುತ್ತ ಹೇಳಿದರು: "ಅಂದಿಲ್ಲದ ಮಾತನ್ನ ಇದರಾಗ ಬರ್ಯಾಕ ಬರೂದಿಲ್ಲ." ಚೀಟಿ ಮಡಚಿ ನನ್ನ ಕೈಗೇ ಕೊಟ್ಟರು.

ಆಮೇಲೆ ಅವರು "ಅದು ಮುಂದೆ ನಿನ್ನ ಪುಸ್ತಕದಲ್ಲಿ ಬರಲಿ" ಎಂದರು ಎಂದು ಒಂದು ಭಾಷಣದಲ್ಲಿ ಹೇಳಿದ್ದೇನೆ. ಜನ ಚಪ್ಪಾಳೆ ತಟ್ಟಿದರು. ಅವರು ಹಾಗೆ ಅನ್ನಲಿಲ್ಲ. ಅಂದದ್ದು, "ಬಸ್ ಬಂತು."

ಒಂದು ತಿಂಗಳು ನನ್ನಿಂದ ಯಾವ ಉದಾಹರಣೆಯನ್ನೂ ಕೇಳಲಿಲ್ಲ. ಆಮೇಲೆ ಒಂದು ದಿನ ಯಾರೋ ತಂದ ಚೀಟಿಯೊಂದನ್ನು ನನಗೆ ಕೊಟ್ಟು, "ಉಮ್ಮಚಗಿಯ ಟೇಲರ್ ಅಂದದ್ದಂತ. ಹೋಗಿ ಕೇಳ್ಕೊಂಡು ಬಾ," ಎಂದರು. ಹೋದೆ. ಟೇಲರ್ ಹೊಲಿಗೆ ನಿಲ್ಲಿಸದೆ, "ನಾ ಅಂಥದ್ದೆಲ್ಲ ಹೇಳೋ ಪೈಕಿ ಅಲ್ಲ ಮಾರಾಯ್ತಿ" ಎಂದ. ಹಾಗೆಯೇ ಬಂದು ಹೇಳಿದೆ.

"ಹೌದು ಅನಿಸ್ಕೊಂಡು ಬರಾಕ ಬರ್ತಿತ್ತಲ್ಲ?"

"ಬರ್ತಿತ್ತು."

ಅವರು ಆ ಸಾಲು ಹೊಡೆದುಹಾಕಿದರು. ಅಂದಿನಿಂದ ಕಾಲೇಜು ಮುಗಿಯುವತನಕ ಬನವಾಸಿಗೋ ಸಿದ್ದಾಪುರಕ್ಕೋ ಕೇಳಿಕೊಂಡು ಬರುವ ಕೆಲಸ ನನ್ನದಾಯಿತು. ಬೇರೆಯವರ ಮಾತುಗಳು ನನ್ನ ಕೈಯಿಂದ ಪುಸ್ತಕಕ್ಕೆ ಹೋದವು. ನನ್ನದೊಂದು ಹೋಗಲಿಲ್ಲ. ಸಂದೇಹದ ಪುಟಕ್ಕೆ ಬೇರೆ ಯಾರೂ ಏನೂ ತರಲಿಲ್ಲ. ಕೆಲಸ ಬದಲಾಯಿತು, ಊರು ಬದಲಾಯಿತು, ನಾನು ಬರೆಯತೊಡಗಿದೆ. ಅರಬೈಲಿನ ಆ ಭಾನುವಾರವನ್ನು ಮೂರು ಸಲ ಬರೆದೆ. ಒಂದರಲ್ಲಿ ಚಹಾದವನು ಅಲ್ಲ ಎನ್ನುತ್ತಾನೆ, ಒಂದರಲ್ಲಿ ಅಳುತ್ತಾನೆ. ಅಕ್ಕೋರು ಅವನ್ನೆಲ್ಲ ಓದಿದ್ದರೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ.

ಅವರಿಗೆ ಪಾರ್ಶ್ವವಾಯು ಬಡಿದಿದೆ ಎಂದು ತಿಳಿದು ಯಲ್ಲಾಪುರಕ್ಕೆ ಹೋದೆ. ನಿವೃತ್ತರಾದ ಮೇಲೆ ತಮ್ಮನ ಮನೆಯಲ್ಲಿದ್ದರು. ಮಾತು ಪೂರ್ತಿ ಹೋಗಿರಲಿಲ್ಲ, ಆದರೆ ತಮ್ಮನ ಹೆಂಡತಿಗೆ ಮಾತ್ರ ತಿಳಿಯುವಷ್ಟು ಸಣ್ಣದಾಗಿತ್ತು. ಆಕೆ ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಅಕ್ಕೋರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುವವರು. ಮಂಚದ ಪಕ್ಕದ ಸ್ಟೂಲು ನನಗೆ ಕೊಟ್ಟು, "ಏನರ ಮಾತಾಡ್ರಿ, ಆಪಾಗ ಕೇಳಾಕ ಚಲೋ ಅನಸ್ತದ" ಎಂದರು.

ನಾನು ತಯಾರಿ ಮಾಡಿಕೊಂಡು ಹೋದ ಮಾತು ಬೇರೆ ಇತ್ತು. ಬಂದದ್ದು ಇದು:

"ಅಕ್ಕೋರೇ, ಅರಬೈಲಿನ ಚಹಾದವ ಹೌದು ಅಂದದ್ದು ಆದದ್ದೋ, ಬರೆದೂ ಬರೆದೂ ನಾನೇ ಕಟ್ಟಿಕೊಂಡದ್ದೋ? ನನಗೆ ತಿಳೀತಾ ಇಲ್ಲ."

ಆದದ್ದು ಎಂದೋ ಅಲ್ಲ ಎಂದೋ ಒಂದು ಮಾತು ಹೇಳಿಬಿಡಲಿ ಎಂದು ಕಾದೆ. ಅವರ ತುಟಿ ಅಲ್ಲಾಡಿತು. ತಮ್ಮನ ಹೆಂಡತಿ ಬಗ್ಗಿ ಕಿವಿಗೊಟ್ಟು, ಗೊಂದಲದಿಂದ ನನ್ನ ಕಡೆ ನೋಡಿದರು.

"ಯಾರಿಗ್ ಅಂದಿ, ಅಂತ ಕೇಳಾಕ ಹತ್ಯಾರ್ರಿ."

"ನಿಮಗೇ ಅಕ್ಕೋರೇ," ಎಂದೆ.

ಅರ್ಧ ಬಾಯಿಯಲ್ಲಿ ನಕ್ಕರು. ಕಣ್ಣಿನಿಂದಲೇ ಕಪಾಟು ತೋರಿಸಿದರು. ರಟ್ಟಿನ ಪುಸ್ತಕ ಬಂತು. ಪುಟ ಹುಡುಕಿ ತೆರೆದದ್ದು ನಾನು. ಬರೆಯಲು ಪೆನ್ನು ತೆಗೆದರೆ ಅವರ ಬೆರಳು ನನ್ನಿಂದ ಸರಿದು ತಮ್ಮನ ಹೆಂಡತಿಯ ಕಡೆ ತಿರುಗಿತು. ಆಕೆ ನಾಚಿಕೊಂಡು, ಮಕ್ಕಳ ಹಾಜರಿ ಬರೆಯುವ ದುಂಡು ಅಕ್ಷರದಲ್ಲಿ, ತಾನು ಕೇಳಿಸಿಕೊಂಡದ್ದನ್ನು ಬರೆದರು. ನನ್ನ ಹೆಸರು. ಯಲ್ಲಾಪುರ. ಆಪಾಗೆ ಅಂದದ್ದು.

ಎಂಟು ದಿನಕ್ಕೆ ಅಕ್ಕೋರು ಹೋದರು.

ಆ ಪುಟದ ಝೆರಾಕ್ಸ್ ನನ್ನಲ್ಲಿದೆ. ತಮ್ಮನ ಹೆಂಡತಿ ಬರೆದ ಸಾಲು ಮೇಲೆ ನಾನು ಬರೆದ ಸಾಲಿನಂತಿಲ್ಲ. ಅದರಲ್ಲಿ ಅರಬೈಲ್ ಇಲ್ಲ, ಚಹಾದವನೂ ಇಲ್ಲ. "ಆವತ್ತು ಆದದ್ದು ಆದದ್ದೋ, ನಾನೇ ಅನಕೊಂಡದ್ದೋ ಅಕ್ಕೋರೇ" ಎಂದಷ್ಟೇ ಇದೆ. ಮೊದಲು ತಪ್ಪಾಗಿದೆ ಎನಿಸಿತು, ತಿದ್ದಲು ಹೊರಟೆ. ಆಮೇಲೆ ಬಿಟ್ಟೆ. ಅಂದವಳು ನಾನು, ಕೇಳಿಸಿಕೊಂಡು ಬರೆದವರು ಆಕೆ, ಅದನ್ನು ನೋಡುತ್ತ ಸರಿ ಎಂದು ಕಣ್ಣು ಮುಚ್ಚಿ ತೆರೆದವರು ಅಕ್ಕೋರು.