ನಾವು ಸ್ವೀಕರಿಸದ ದೇಹ

ಕೋವಿಡ್ ಮುಗಿದು ತರಗತಿಗಳು ಮತ್ತೆ ತುಂಬಿದ ವರ್ಷ. ಚಿತ್ರದುರ್ಗದ ಕಡೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ನಾನು ಅನಾಟಮಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮೊದಲ ವರ್ಷದ ವಿದ್ಯಾರ್ಥಿಗಳು ಮನುಷ್ಯ ಶರೀರವನ್ನು ಕಲಿಯುವುದು ದಾನವಾಗಿ ಬಂದ ದೇಹಗಳಿಂದ. ಸೋಂಕಿನ ಕಾಲದಲ್ಲಿ ದಾನ ನಿಂತುಹೋಗಿ, ಒಂದೇ ಮೇಜಿನ ಸುತ್ತ ಇಡೀ ತರಗತಿ ಕತ್ತು ಚಾಚಿ ನಿಲ್ಲಬೇಕಾಗಿತ್ತು.

ಆಗ ಬಂದವರು ಶಾಂತವೀರಪ್ಪ. ಹಿರಿಯೂರು–ಹೊಸದುರ್ಗದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಮ್ಮ ಆಸ್ಪತ್ರೆಯಲ್ಲೇ ಸೊಂಟದ ಕೀಲು ಬದಲಿಸಿಕೊಂಡು ಮತ್ತೆ ನಡೆಯುವಂತಾಗಿದ್ದರು. "ಸತ್ತ ಮೇಲೆ ನನ್ನ ನೀವೇ ಇಟ್ಕಳ್ರಿ ಮೇಡಂ. ಈ ಹುಡುಗ್ರು ನೋಡಿ ಕಲೀಲಿ" ಎಂದರು.

ನಾನು ನಿಯಮ ವಿವರಿಸಿದೆ. ದೇಹ ಕೆಡದಂತೆ ರಕ್ತನಾಳಗಳ ಮೂಲಕ ದ್ರಾವಣ ಹರಿಸುತ್ತೇವೆ. ಕೊಯ್ದ ದೇಹದಲ್ಲಿ ಅದು ಸೋರಿಹೋಗುತ್ತದೆ. ಹಾಗಾಗಿ ಅಪಘಾತವಾಗಿ ಪೋಸ್ಟ್‌ಮಾರ್ಟಂ ನಡೆದರೆ ನಾವು ಸ್ವೀಕರಿಸುವಂತಿಲ್ಲ.

"ಅಷ್ಟು ವರ್ಷ ಬಸ್ಸಲ್ಲಿ ನಿಂತೋನಿಗೆ ಆಗ್ದಿದ್ದು ಈಗ ಆಗ್ತೈತಾ?" ಎಂದು ನಕ್ಕುಬಿಟ್ಟರು. ಅವರ ಪತ್ನಿ ಗೌರಮ್ಮ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಕೊನೆಯಲ್ಲಿ ಒಳಬಂದು ಸಾಕ್ಷಿಯಾಗಿ ಸಹಿ ಮಾಡಿದರು, ಅಷ್ಟೇ. ದಂಪತಿಗೆ ಮಕ್ಕಳಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹೆದ್ದಾರಿ ದಾಟುವಾಗ ಲಾರಿ ಹೊಡೆದು ಶಾಂತವೀರಪ್ಪ ಸ್ಥಳದಲ್ಲೇ ತೀರಿಕೊಂಡರು. ಪೊಲೀಸ್ ಕೇಸಾಯಿತು, ಪೋಸ್ಟ್‌ಮಾರ್ಟಂ ಆಯಿತು. ನನಗೆ ಇದೆಲ್ಲ ಗೊತ್ತಾದದ್ದು ಮರುದಿನ ಮಧ್ಯಾಹ್ನ, ಆಂಬುಲೆನ್ಸ್ ನಮ್ಮ ವಿಭಾಗದ ಬಾಗಿಲಿಗೆ ಬಂದು ನಿಂತಾಗ. ಗೌರಮ್ಮ ಒಬ್ಬರೇ ಇಳಿದರು.

"ತಂದೀನಿ ಮೇಡಂ. ಅವರು ಹೇಳ್ದಂಗೇ ಮಾಡೀನಿ."

ಅವರನ್ನು ಒಳಗೆ ಕೂರಿಸಿ, ಪೋಸ್ಟ್‌ಮಾರ್ಟಂ ಆದ ದೇಹವನ್ನು ನಾವು ತೆಗೆದುಕೊಳ್ಳುವಂತಿಲ್ಲ ಎಂದು ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ; ಆ ನಿಯಮವನ್ನು ಗಂಡ ಅವರಿಗೆ ಹೇಳಿರಲೇ ಇಲ್ಲ. ಅರ್ಥವಾದ ಮೇಲೆ ಬೆಳಿಗ್ಗೆ ಊರಲ್ಲಿ ನಡೆದದ್ದನ್ನು ಹೇಳಿದರು. ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡುವುದು ಅವರ ಪದ್ಧತಿ. ಶಾಂತವೀರಪ್ಪನವರ ಅಣ್ಣ ಗುಂಡಿ ತೋಡಲು ಆಳು ಕರೆಸಿದ್ದರಂತೆ. ಗೌರಮ್ಮ ಅಡ್ಡ ನಿಂತರು. "ಕೊಯ್ಯಾಕೆ ಕೊಡಾದಾದ್ರೆ ಇನ್ಮೇಲೆ ಈ ಬಾಗ್ಲಿಗೆ ನಾವ್ಯಾರೂ ಬರಲ್ಲ" ಎಂದು ಭಾವ ಎದ್ದುಹೋದರು. ಅವರ ಹಿಂದೆ ನೆಂಟರೆಲ್ಲ ಹೋದರು.

"ಈಗ ಅವರ ಮುಂದೆ ಹೋಗಿ ಏನಂತ ಕೇಳ್ಲಿ, ನೀವೇ ಹೇಳ್ರಿ."

ಉತ್ತರ ಗೊತ್ತಿದ್ದೂ ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಅವರೂ ಆಗುವುದಿಲ್ಲ ಎಂದರು. ನಾನೂ ಅದೇ ಆಂಬುಲೆನ್ಸ್ ಹತ್ತಿದೆ.

ಊರಿನಲ್ಲಿ ಗೌರಮ್ಮ ಭಾವನ ಮನೆಯ ಜಗಲಿ ಹತ್ತದೆ ಆಂಬುಲೆನ್ಸಿನ ಬಳಿಯೇ ನಿಂತರು. ನಾನೇ ಹೋಗಿ ಹೇಳಿದೆ. ಭಾವ ಎದ್ದು, "ಗುಂಡಿ ತೋಡಿಸ್ರಿ" ಎಂದು ಒಳಗಿನವರಿಗೆ ಕೂಗಿದರು. ಸಂಜೆ ಎಲ್ಲವೂ ಕ್ರಮವಾಗಿ ನಡೆಯಿತು. ಆದರೆ ಗೌರಮ್ಮನನ್ನು ಯಾರೂ ಮಾತಾಡಿಸಲಿಲ್ಲ.

ಹೊರಡುವಾಗ ಅವರು ನನಗೆ ಹೇಳಿದ್ದಿಷ್ಟು: "ಅವರ ಆಸೇನೂ ಆಗ್ಲಿಲ್ಲ, ನಮ್ಮೋರೂ ಉಳೀಲಿಲ್ಲ."

ಆ ನಿಯಮ ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಆದರೆ ದಾನ ಕೊಟ್ಟವರು ಹೊರಟುಹೋಗಿರುತ್ತಾರೆ. ಊರನ್ನು ಎದುರಿಸಬೇಕಾದವರು ಹಿಂದೆ ಉಳಿದವರು. ಈಗ ದೇಹದಾನಕ್ಕೆಂದು ಯಾರೇ ಬಂದರೂ ಮನೆಯವರನ್ನು ಜೊತೆಗೆ ಕೂರಿಸಿಕೊಂಡು, ನಾವು ಯಾವಾಗ ಬೇಡವೆನ್ನುತ್ತೇವೆ ಎಂಬುದನ್ನೇ ಮೊದಲು ಹೇಳುತ್ತೇನೆ. ಕೆಲವರು ಸಹಿ ಹಾಕದೆ ಎದ್ದುಹೋಗುತ್ತಾರೆ. ನಾನು ತಡೆಯುವುದಿಲ್ಲ.