ಹಾಲು ಕೊಡದ ಅಕ್ಕ

ಇವತ್ತು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು, ವರ್ತನೆಯವಳು ಹೊಸ್ತಿಲಲ್ಲಿಟ್ಟು ಹೋಗಿದ್ದ ಹಾಲನ್ನು ಒಳಗೆ ತಂದು ಒಲೆಗಿಟ್ಟೆ. ಇನ್ನೂ ಹೊತ್ತಿದೆಯಲ್ಲ ಎಂದು ಹಿತ್ತಲಿನ ತಂತಿಯ ಮೇಲಿದ್ದ ಸೀರೆ ಮಡಚಲು ಹೋದೆ. ಸೆರಗಿಗೆ ಸೆರಗು ಕೂಡಿಸುತ್ತಿದ್ದಾಗ ವಾಸನೆ ಬಂತು. ಹಾಲು ತಳ ಹಿಡಿದಿತ್ತು.

ಕಡೂರಿನ ಈ ಮನೆಯಲ್ಲಿ ಹಾಲು ಸೀದದ್ದು ನನಗೆ ನೆನಪಿಲ್ಲ. ಅಜ್ಜಂಪುರದ ಆ ಮನೆಯಲ್ಲಿ ಮಾತ್ರ ವಾರಕ್ಕೆರಡು ಸಲವಾದರೂ ಸೀಯುತ್ತಿತ್ತು. ಹಾಲನ್ನು ಒಲೆಗಿಟ್ಟು ಜಗಳಕ್ಕೆ ಹೋಗುವವಳೊಬ್ಬಳು ಅಲ್ಲಿದ್ದಳು...

ಇವತ್ತು ಅವಳ ಹಾಲು-ತುಪ್ಪ. ಮೊನ್ನೆ ಮಣ್ಣು ಮಾಡಿದ್ದರು. ಸಮಾಧಿಯ ಮೇಲೆ ಬಿಡಲು ನಮ್ಮ ಮನೆಯಿಂದಲೂ ಹಾಲು ಹೋಗಬೇಕೆಂದು ನಾನೇ ಹಟ ಹಿಡಿದಿದ್ದೆ. ಸೀದ ಹಾಲನ್ನು ಒಯ್ಯುತ್ತಾರೇನು, ಬೇರೆ ತರಿಸೋಣ ಎಂದರು ನಮ್ಮ ಯಜಮಾನರು. ಬೇಡ, ಇದನ್ನೇ ಒಯ್ಯುತ್ತೇನೆ ಎಂದೆ. ಸ್ವಲ್ಪ ಆರಿಸಿ, ಮುಚ್ಚಳದ ಡಬ್ಬಿಗೆ ಸುರಿದುಕೊಂಡು ಅಜ್ಜಂಪುರದ ಬಸ್ಸು ಹತ್ತಿದೆವು. ಬೀರೂರು ದಾಟುವವರೆಗೂ ನನ್ನ ತೊಡೆಯ ಮೇಲೆ ಆ ಡಬ್ಬಿ ಬೆಚ್ಚಗೇ ಇತ್ತು.

ಅವಳು ನನ್ನ ವಾರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಯಗಟಿಯ ಕಡೆಯವಳು, ಬಯಲುಸೀಮೆಯ ಗಾಳಿಯಂತೆ ಒಣ ಮಾತು, ದೊಡ್ಡ ದನಿ. ನಾನು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿದವಳೆಂದು ಮದುವೆಯಾಗಿ ಬಂದ ವಾರದಲ್ಲೇ ನನಗೆ ಕಾನ್ವೆಂಟಮ್ಮ ಎಂದು ಹೆಸರಿಟ್ಟಳು. ನಾನು ಕೊಡವನ್ನು ಸೊಂಟಕ್ಕಿಡುವುದನ್ನು ನೋಡಿ, "ಪುಸ್ತಕ ಹಿಡಿದಂಗೆ ಹಿಡಿದವ್ಳೆ ನೋಡ್ರಪ್ಪ" ಎಂದು ನಗುತ್ತಿದ್ದಳು. ಅವಳೆಂದರೆ ನನಗೆ ಹೆದರಿಕೆಯಿತ್ತು, ಸ್ವಲ್ಪ ಅಸಮಾಧಾನವೂ ಇತ್ತು.

ನಮ್ಮ ಬಳಗದಲ್ಲಿ ಇವತ್ತಿಗೂ ಅವಳ ಬಗ್ಗೆ ಒಂದೇ ಕತೆ. ಎದೆ ತುಂಬ ಹಾಲಿದ್ದರೂ, ಮನೆಯ ಹಸುಗೂಸು ಹಸಿವಿನಿಂದ ಚೀರುತ್ತಿದ್ದರೂ ಹಾಲು ಕೊಡದ ಕಲ್ಲೆದೆಯವಳು ಎಂದು. ಆ ಹಸುಗೂಸು ನನ್ನ ಮಗಳು. ಆದ್ದರಿಂದ ಆ ಕತೆಯಲ್ಲಿ ನಿಜವೆಷ್ಟು ಎಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ಹೇಳುತ್ತಲೂ ಬಂದಿದ್ದೇನೆ. ಕೇಳುವವರಿಗೆ ಹಳೆಯ ಕತೆಯೇ ರುಚಿ.

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ತರೀಕೆರೆಯಲ್ಲಿ ಹೆರಿಗೆ. ಹೆತ್ತ ಮೇಲೆ ನನಗೆ ಜ್ವರ ಏರಿ, ಕಣ್ಣು ಬಿಡಲಾರದೆ ಮಲಗಿದ್ದಾಗ ಮಗುವಿಗೆ ಬಾಟ್ಲಿಯ ಹಾಲೇ ಗತಿಯಾಯಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಜ್ವರ ಇಳಿದು ಅಜ್ಜಂಪುರಕ್ಕೆ ಬಂದ ಮೇಲೆ ಮಗಳನ್ನು ಎದೆಗೆ ಹಾಕಿಕೊಂಡೆ. ಅವಳು ಬಾಯಿ ತಾಗಿಸಿದವಳೇ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಕಿರುಚಿದಳು. ಮುಷ್ಟಿ ಬಿಗಿದು, ಮುಖ ಕೆಂಪಡರಿ, ನನ್ನಿಂದ ದೂರ ದೂರ ತಳ್ಳಿಕೊಂಡಳು. ಒಂದು ಸಲವಲ್ಲ, ಪ್ರತಿ ಸಲ. ಬಾಟ್ಲಿ ಕಂಡರೆ ಸುಮ್ಮನಾಗುತ್ತಿದ್ದಳು.

ಹೆತ್ತ ಮಗು ನನ್ನನ್ನು ಬೇಡವೆನ್ನುವುದೆಂದರೆ... ಅದನ್ನು ಯಾರಿಗೆ ಹೇಳುವುದು? ಊಟದ ಮೇಜಿನ ಮೇಲೆ ಮೊಣಕೈ ಊರಬಾರದೆಂದು ಸಿಸ್ಟರುಗಳು ಕಲಿಸಿದ್ದರು. ಇದಕ್ಕೆ ಏನು ಮಾಡಬೇಕೆಂದು ಅವರ ಯಾವ ಪಾಠದಲ್ಲೂ ಇರಲಿಲ್ಲ.

ಅತ್ತೆ ಒಂದು ಕೈಯಲ್ಲಿ ನನ್ನ ಎದೆ, ಇನ್ನೊಂದು ಕೈಯಲ್ಲಿ ಮಗುವಿನ ತಲೆ ಹಿಡಿದು ಅದುಮುತ್ತಿದ್ದರು. ಮಗುವಿನ ಜೊತೆ ನಾನೂ ಅಳುತ್ತಿದ್ದೆ. ಕೊನೆಗೆ ಅವರ ಕಣ್ಣು ದೊಡ್ಡ ಸೊಸೆಯ ಮೇಲೆ ಬಿತ್ತು. ಅಕ್ಕನಿಗೆ ಆಗ ಅಂಬೆಗಾಲಿಡುವ ಗಂಡುಮಗುವಿತ್ತು. ಅವಳ ರವಿಕೆಯ ಮುಂಭಾಗ ಸದಾ ಒದ್ದೆ.

"ನಿನ್ನ ಎದೆ ತುಂಬೈತಲ್ಲೇ. ಒಂದ್ ಗಳಿಗೆ ಹಾಕ್ಕೊಂಡ್ರೆ ನಿನ್ನ ಗಂಟೇನು ಹೋಗ್ತದೆ?" ಎಂದರು ಅತ್ತೆ.

"ಆಗಲ್ಲ ಅತ್ತೆಮ್ಮ."

"ನಿನ್ನ ಮಗನಿಗೆ ಕಮ್ಮಿಯಾಗ್ತದೆ ಅಂತಲಾ?"

"ಅವನೇನು ಮಗುವಾ, ಹೋರಿಕರ ಅವನು. ಅದಕ್ಕಲ್ಲ. ಕೊಡಲ್ಲ ಅಂದ್ರೆ ಕೊಡಲ್ಲ."

ಬಾಗಿಲಲ್ಲಿ ನಿಂತಿದ್ದ ನನ್ನ ನಾದಿನಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕತೆ ಹುಟ್ಟಿದ್ದು ಆ ಬಾಗಿಲಲ್ಲಿ. ಮುಂದಿನದನ್ನು ನೋಡಲು ಅವಳು ನಿಲ್ಲಲಿಲ್ಲ.

ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅಕ್ಕ ಬಂದು ಮಂಚದ ಅಂಚಿನಲ್ಲಿ ಕೂತಳು. "ಬೈಕೋ, ಬೇಕಾದ್ರೆ ಇಂಗ್ಲೀಷಲ್ಲೇ ಬೈಕೋ. ಇವತ್ತು ನಾನು ಹಾಕ್ಕೊಂಡ್ರೆ ನಾಳೆ ಅದು ನನ್ನ ಸೆರಗೇ ಹುಡುಕ್ತದೆ ಕಣೇ."

ಆಮೇಲೆ ಅವಳು ಹೇಳಿದ್ದನ್ನು ಆ ಮನೆಯಲ್ಲಿ ಬೇರೆ ಯಾರಿಗೂ ಹೇಳಿರಲಾರಳು. ಅವಳ ಮೊದಲ ಮಗಳು ಹುಟ್ಟಿದ್ದು ಯಗಟಿಯಲ್ಲಿ. ಬಾಣಂತಿಗೆ ಕಾಮಾಲೆ. ಅವಳ ಚಿಕ್ಕಮ್ಮ ಮಗುವನ್ನು ತನ್ನ ಎದೆಗೆ ಹಾಕಿಕೊಂಡಳು. "ಪುಣ್ಯಾತ್ಗಿತ್ತಿ, ಜೀವ ಉಳಿಸಿದ್ಳು, ಇಲ್ಲ ಅನ್ನಲ್ಲ. ನಾನು ಎದ್ದು ಕೂರೋ ಹೊತ್ತಿಗೆ ಅದು ನನ್ನ ಕಡೆ ತಿರುಗಲೇ ಇಲ್ಲ. ಅಲ್ಲೇ ಬೆಳೀತಾ ಐತೆ. ಈಗ್ಲೂ ನಾನು ಹೋದ್ರೆ ಬಾಗಿಲ ಹಿಂದೆ ನಿಂತ್ಕೊಂಡು, 'ಅವ್ವಾ, ಯಾರೋ ಬಂದವ್ರೆ' ಅಂತದೆ." ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಅಂಥದ್ದು ಇನ್ನೊಂದು ಈ ಮನೇಲಿ ಬ್ಯಾಡ."

"ಹಾಗಾದರೆ ಏನು ಮಾಡಬೇಕು ಅಕ್ಕ?" ಎಂದೆ.

"ಯಾರಿಗ್ಗೊತ್ತು? ಗೊತ್ತಿದ್ರೆ ಆವತ್ತೇ ನನ್ನ ಮಗೂನ ಬಿಟ್ಕೊಡ್ತಿದ್ನೇನೇ?"

ಅವಳಿಗೆ ಏನೂ ಗೊತ್ತಿರಲಿಲ್ಲ. ಹಟವಿತ್ತು, ಅಷ್ಟೆ. ನೆಟ್ಟಗೆ ಅಡುಗೆಮನೆಗೆ ಹೋಗಿ ಬಾಟ್ಲಿಯ ರಬ್ಬರನ್ನು ಕಿತ್ತು ಉರಿಯುವ ಒಲೆಗೆ ಹಾಕಿದಳು. ಮನೆಯೆಲ್ಲ ನಾತ ಹಬ್ಬಿತು. ಮುಂದಿನ ಮಳಿಗೆಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಕೂತಿದ್ದ ಮಾವನವರು, "ಏನ್ರೇ ಅದು, ಟೈರು ಸುಡ್ತಿದೀರಾ ಒಳಗೆ?" ಎಂದು ಕೂಗಿದರು. "ಬಾಟ್ಲಿಗೆ ಮೋಕ್ಷ ಕೊಟ್ಟೆ," ಎಂದು ಅಕ್ಕ ನನಗೆ ಮಾತ್ರ ಕೇಳುವಂತೆ ಅಂದಳು. ಅತ್ತೆ ಆವತ್ತು ಬಾಯಿಗೆ ಬಂದಂತೆ ಬೈದರು. ಮಗು ಸತ್ತರೆ ನಿನ್ನ ತಲೆಗೇ ಎಂದರು. "ನನ್ನ ತಲೆಗೇ ಬರಲಿ," ಎಂದು ಅವಳು ಅಟ್ಟದ ಮೇಲಿಂದ ಒಳಲೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಲು ಕೂತಳು. ಹಸುಗೂಸುಗಳಿಗೆ ಹಾಲು ಹನಿಸುವ, ಮೂತಿ ಚೂಪಾದ ಪುಟ್ಟ ಬಟ್ಟಲು ಅದು.

ನಾನು ಕೈಯಲ್ಲಿ ಹಿಂಡಿ ತೆಗೆದದ್ದನ್ನು ಅವಳು ಒಳಲೆಯಿಂದ ಮಗುವಿನ ಕೆಳದುಟಿಯ ಮೇಲೆ ಹನಿಸುತ್ತಿದ್ದಳು. ಅದು ಸಾಲದೆ ಹೋದಾಗ ತೆಳ್ಳಗೆ ಮಾಡಿದ ಹಸುವಿನ ಹಾಲು. ಹೊಟ್ಟೆ ತುಂಬುತ್ತಿತ್ತು, ಆದರೆ ಎದೆಯ ಹತ್ತಿರ ಒಯ್ದರೆ ಮತ್ತೆ ಅದೇ ಕಿರುಚಾಟ. ಸಕ್ಕರೆ ನೀರು ಸವರಿ ನೋಡಿದಳು. ಮಗು ಒಲಿಯಲಿಲ್ಲ, ಹಾಸಿಗೆಗೆ ಇರುವೆ ಬಂದವು. ಹಸಿದರೆ ತಾನೇ ಕುಡಿಯುತ್ತದೆ ಎಂದು ಒಂದು ಬೆಳಿಗ್ಗೆ ಏನೂ ಕೊಡದೆ ಕಾದು ನೋಡಿದಳು. ಮಗು ಬಿಕ್ಕಿ ಬಿಕ್ಕಿ ಸುಸ್ತಾದಾಗ ತಾನೇ ಅಳುತ್ತಾ, "ತೆಗಿ, ಇದು ನನ್ನ ಕೆಟ್ಟ ಬುದ್ಧಿ," ಎಂದು ಒಳಲೆ ತಂದಳು. ಒಂದನ್ನು ಮಾತ್ರ ಮೊದಲ ದಿನವೇ ನಿಲ್ಲಿಸಿದ್ದಳು. ಮಗುವಿನ ತಲೆ ಹಿಡಿದು ಅದುಮಲು ಯಾರನ್ನೂ ಬಿಡುತ್ತಿರಲಿಲ್ಲ. "ನಿಮ್ಮ ಕುತ್ತಿಗೆ ಹಿಡ್ದು ತಟ್ಟೆಗೆ ಅಮುಕಿದ್ರೆ ನೀವು ಉಣ್ತೀರಾ ಅತ್ತೆಮ್ಮ?"

ನನ್ನ ಹಾಲು ಕಡಿಮೆಯಾಗುತ್ತಾ ಬಂತು. ಹಿಂಡಿ ಹಿಂಡಿ ಬೆರಳು ಸೋಲುತ್ತಿದ್ದವು, ಒಳಲೆಯ ತಳ ಮುಚ್ಚಿದರೆ ಹೆಚ್ಚು. ಇನ್ನು ಇದು ಬತ್ತಿಹೋಗುತ್ತದೆ, ಆಮೇಲೆ ಮಗು ಒಲಿದರೂ ಕೊಡಲು ಏನಿರುತ್ತದೆ ಎಂಬ ಯೋಚನೆ ನನ್ನನ್ನು ತಿನ್ನುತ್ತಿತ್ತು.

ಆಗ ಆದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ಅಕ್ಕನ ಮಗ ಅಂಬೆಗಾಲಿಟ್ಟು ಬಂದು, ನನ್ನ ಹಾಸಿಗೆ ಹತ್ತಿ, ಬಿಚ್ಚಿದ್ದ ರವಿಕೆಯೊಳಗೆ ನೇರವಾಗಿ ಬಾಯಿ ಹಾಕಿದ. ನಾನು ಬೆಚ್ಚಿ ಬಿಡಿಸಿಕೊಳ್ಳಲು ಹೋದೆ. "ಇರು, ಇರು," ಎಂದಳು ಅಕ್ಕ. ಅವನು ಎಳೆಯುವ ರಭಸಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅವನು ಒಂದು ಕಡೆ ಕುಡಿಯುತ್ತಿದ್ದಂತೆ ಇನ್ನೊಂದು ಕಡೆ ತಾನಾಗಿ ಹಾಲು ತೊಟ್ಟಿಕ್ಕತೊಡಗಿತು. ನಾವಿಬ್ಬರೂ ಅದನ್ನೇ ನೋಡಿದೆವು.

"ಅಯ್ಯೋ ಕಾನ್ವೆಂಟಮ್ಮ," ಎಂದಳು ಮೆಲ್ಲಗೆ. "ಬತ್ತಿಲ್ಲ ಕಣೇ."

ಅಂದಿನಿಂದ ದಿನಕ್ಕೆ ಹಲವು ಸಲ ಅವಳು ತನ್ನ ಮಗನನ್ನು ತಂದು ನನ್ನ ಎದೆಗೆ ಹಾಕುತ್ತಿದ್ದಳು. ಹಾಲು ಇಳಿಯುತ್ತಿದ್ದಂತೆ, ಬರೀ ಮೈಯ ನನ್ನ ಮಗಳನ್ನು ಇನ್ನೊಂದು ಕಡೆ, ನನ್ನ ಚರ್ಮಕ್ಕೆ ತಾಗಿಸಿ ಸುಮ್ಮನೆ ಮಲಗಿಸುತ್ತಿದ್ದಳು. ಕುಡಿ ಎನ್ನುತ್ತಿರಲಿಲ್ಲ. ಅತ್ತೆ ನೋಡಿ ಹಣೆ ಬಡಿದುಕೊಂಡರು. "ಇನ್ನೊಂದು ಮಗೀಗೆ ಹರಿದ ಹಾಲು ಅದರ ಹಿಂದೆನೇ ಹೋಗ್ತದೆ ಕಣ್ರೇ. ನಾಳೆ ಈ ಹೆಣ್ಣುಕೂಸಿಗೆ ಬರೀ ತೊಗಲು."

"ಬಾಟ್ಲಿ ಹಿಂದೆ ಹೋಗೋದಕ್ಕಿಂತ ವಾಸಿ," ಎಂದ ಅಕ್ಕ ಬಾಣಂತಿ ಕೋಣೆಯ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಹೊರಗಿನಿಂದ ಬಡಿದರೂ ತೆಗೆಯಲಿಲ್ಲ.

ಮೊದಮೊದಲು ಮಗಳು ಮುಖ ತಿರುಗಿಸುತ್ತಿದ್ದಳು. ಆಮೇಲೆ ಕೆನ್ನೆಯ ಮೇಲೆ ಬಿದ್ದ ಹನಿ ನೆಕ್ಕಿದಳು. ಆಮೇಲೆ ಅಲ್ಲಿಯೇ ಬಾಯಿ ತೆರೆದು ನಿದ್ದೆ ಹೋದಳು. ಒಂದು ಮಧ್ಯಾಹ್ನ ಹೊರಗೆ ಲಾರಿಗೆ ಈರುಳ್ಳಿ ತುಂಬುತ್ತಿದ್ದರು, ಹಮಾಲರ ಎಣಿಕೆಯ ದನಿ ಕೇಳುತ್ತಿತ್ತು. ಅರೆನಿದ್ದೆಯಲ್ಲಿದ್ದ ಮಗಳು ಗಲ್ಲವನ್ನು ಎದೆಗೆ ಒತ್ತಿ, ಬಾಯಿ ಅಗಲಿಸಿ, ಕಚ್ಚಿ ಹಿಡಿದಳು. ಬಿಡಲಿಲ್ಲ. ಅವಳ ಕಿವಿಯ ಬುಡ ಅಲುಗುವುದನ್ನು ನೋಡಿದೆ. ಆಮೇಲೆ ಗುಟುಕಿನ ಸದ್ದು. ಅಕ್ಕ ತನ್ನ ಮಗ ಒದೆಯದಿರಲೆಂದು ಅವನ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು ಕಲ್ಲಿನಂತೆ ಕೂತಿದ್ದಳು.

"ಉಸಿರು ಬಿಡು ಕಣೇ, ಸತ್ತುಗಿತ್ತು ಹೋದೀಯ," ಎಂದಳು.

ಮಾರನೆಯ ದಿನ ಮಗಳು ಮತ್ತೆ ಹಟ ಮಾಡಿದಳು. ಅದರ ಮಾರನೆಯ ದಿನ ಕುಡಿದಳು. ತೊಟ್ಟಿಲು ಹಾಕುವ ಹೊತ್ತಿಗೆ ಇಬ್ಬರೂ ಕಲಿತಿದ್ದೆವು. ತೊಟ್ಟಿಲಿಗೆ ಬಂದ ಹೆಂಗಸರ ಮುಂದೆ ಅತ್ತೆ ತಮ್ಮ ಹರಕೆ ಫಲಿಸಿತೆಂದರು. ನಾದಿನಿ ತನ್ನ ಕತೆ ಹೇಳಿದಳು. ನಾನು ಬಾಯಿ ತೆರೆದರೆ, ಬಾಣಂತಿಗೆ ಮಾತು ಹೆಚ್ಚಾಯಿತು, ಶೀತವಾಗುತ್ತದೆ ಎಂದು ಕಿವಿಗೆ ಬಟ್ಟೆ ಬಿಗಿದರು. "ಅಂದ್ಕೊಳ್ಳಲಿ ಬಿಡೇ," ಎಂದಳು ಅಕ್ಕ, ಕಡಲೆ ಹಂಚುತ್ತಾ. "ಕೊಡಲಿಲ್ಲ ಅನ್ನೋದು ಸುಳ್ಳಲ್ಲವಲ್ಲ."

ಎಂಬತ್ತರ ದಶಕದಲ್ಲಿ ಮನೆ ಪಾಲಾಯಿತು. ನಾವು ಕಡೂರಿಗೆ ಬಂದೆವು. ಅಣ್ಣತಮ್ಮಂದಿರ ಮಾತು ನಿಂತಾಗ ನಮ್ಮ ಹೋಗಿಬರುವಿಕೆಯೂ ತೆಳುವಾಯಿತು. ಮದುವೆಮನೆಗಳಲ್ಲಿ ಸಿಕ್ಕಾಗ ಅವಳು ದೂರದಿಂದಲೇ "ಕಾನ್ವೆಂಟಮ್ಮ" ಎಂದು ಕೂಗುತ್ತಿದ್ದಳು. ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಅಷ್ಟೇ ಉಳಿದದ್ದು...

ಇವತ್ತು ಸಮಾಧಿಯ ಹತ್ತಿರ, ಎಲ್ಲರೂ ಸಾಲಾಗಿ ಹಾಲು ಬಿಡುತ್ತಿದ್ದಾಗ, ನಾದಿನಿ ಹೊಸ ಸೊಸೆಯಂದಿರ ಕಿವಿಗೆ ಬಗ್ಗಿದಳು. "ಒಂದು ಹನಿ ಕೊಡಲಿಲ್ಲ ನಮ್ಮತ್ತಿಗೆ. ಈಗ ನೋಡು, ಎಲ್ಲರ ಕೈಲೂ ಹಾಲು ಹುಯ್ಯಿಸ್ಕೊಳ್ತಾ ಅವ್ಳೆ."

ನಾನು ದನಿ ಎತ್ತಿ ಮಾತಾಡುವವಳಲ್ಲ. ಇವತ್ತು ಎತ್ತಿದೆ. "ಹೌದು, ಕೊಡಲಿಲ್ಲ. ಅದಕ್ಕೇ ನನ್ನ ಮಗಳು ನನ್ನ ಮಗಳಾಗಿ ಉಳಿದಳು. ಕೊಟ್ಟವಳು ನಾನು, ಅವಳ ಮಗನಿಗೆ. ಇಲ್ಲೇ ನಿಂತಿದಾನೆ, ಕೇಳು."

ಐನವರ ಮಂತ್ರವೂ ನಿಂತಿತು. ಮೀಸೆ ನರೆತ ಆ ಮಗ ತಲೆ ತಗ್ಗಿಸಿ, "ಹೂಂ, ಅವ್ವ ಹೇಳ್ತಿದ್ಳು. ಕಚ್ಚೂ ಬಿಡ್ತಿದ್ನಂತೆ," ಎಂದ. ಯಾರೋ ನಕ್ಕರು. ನಾದಿನಿ ಸೆರಗು ಸರಿಮಾಡಿಕೊಂಡಳು. ನಾನು ಡಬ್ಬಿ ಬಗ್ಗಿಸಿ ಹಾಲು ಸುರಿದೆ. ಹಸಿ ಮಣ್ಣು ಅದನ್ನು ಕುಡಿಯುವವರೆಗೂ ಅಲ್ಲೇ ಕೂತೆ.

ಯಗಟಿಯಿಂದ ಅವಳ ಮೊದಲ ಮಗಳೂ ಬಂದಿದ್ದಳು. ನೆಂಟರಂತೆ ಹಿಂದೆ ನಿಂತಿದ್ದಳು. ಬಸ್ ನಿಲ್ದಾಣದವರೆಗೆ ನನ್ನ ಜೊತೆ ನಡೆದು ಬಂದು, ದಾರಿಯಲ್ಲಿ ನನ್ನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಬಸ್ಸು ಹೊರಡುವಾಗ ಕೇಳಿದಳು: "ಚಿಕ್ಕಮ್ಮ, ನಂಗೂ ಹಂಗೇ ಮಾಡಿ ನೋಡಿದ್ರೆ ಬರ್ತಿದ್ನಾ ಅವ್ವನ ಹತ್ರ?" ನಾನು ಕಿಟಕಿಯಿಂದ ಅವಳ ಕೈ ಹಿಡಿದುಕೊಂಡೆ. ಬಸ್ಸು ಎಳೆದುಕೊಂಡು ಹೋಯಿತು...

ಕಡೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಗೇಟು ತೆಗೆಯುತ್ತಿದ್ದಾಗ ಪಕ್ಕದ ಮನೆಯಾಕೆ ಕೊಡ ಹಿಡಿದು ನಲ್ಲಿಯ ಬಳಿ ನಿಂತಿದ್ದರು. ಯಾರು ಹೋಗಿದ್ದು ಎಂದು ಕೇಳಿದರು. ಹೇಳಿದೆ.

"ಓ, ವಾರಗಿತ್ತೀನಾ. ನಾನೆಲ್ಲೋ ಹತ್ತಿರದೋರು ಅಂದ್ಕೊಂಡಿದ್ದೆ ಕಣ್ರೀ. ನೀರು ಬಂದೈತೆ, ಬೇಗ ಹಿಡ್ಕೊಳ್ಳಿ, ನಿಂತೋಗ್ತದೆ."