ತಪ್ಪು ಉತ್ತರ ಹೇಳುವ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ಮಾತುಗಳೂ ನೆಟ್ಟಗೆ ಬರುವುದಿಲ್ಲ. ಪ್ರತಿ ಸಾಲನ್ನೂ ಬರೆದು, ಓದಿ, ಮತ್ತೆ ಬರೆದಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಇದು ನಮ್ಮ ಬೀದಿಯ ಸೈಕಲ್ ಟೀಚರ್ ವಿಷಯ. ಅವರ ತಮ್ಮನೂ, ಅವರ ಹತ್ತಿರ ಕಲಿತ ದರ್ಜಿ ಮಗಳೂ ಹೇಳಿದ್ದನ್ನು ಕೇಳಿ ಬರೆದದ್ದು.

ಸೈಕಲ್ ಟೀಚರಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಅವರ ತಮ್ಮನದು ಸೈಕಲ್ ರಿಪೇರಿ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಅವರು ಟೀಚರ್ ಆಗಬೇಕೆನ್ನುವ ಬೀದಿಯ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತಾರೆ. ಕೋಣೆಯಲ್ಲಿ ಒಂದು ಕರಿಹಲಗೆ, ಶಾಲೆಯವರು ಬೇಡವೆಂದು ಎಸೆದ ಬೆಂಚುಗಳು, ಹಳೆಯ ಟೈರುಗಳ ಒಂದು ಅಟ್ಟಿ. ಟೈರುಗಳು ತಮ್ಮನವು. ಅವನ್ನು ತೆಗೆಯುವಂತೆ ಟೀಚರ್ ಬಹಳ ಕಾಲದಿಂದ ಹೇಳುತ್ತಿದ್ದಾರೆ, ತಮ್ಮ ಬಹಳ ಕಾಲದಿಂದ ಆಗಲಿ ಎನ್ನುತ್ತಿದ್ದಾನೆ.

"ಅಕ್ಕಾ, ನಿನ್ನ ಪಡೆಗೆ ಸ್ವಲ್ಪ ಮೆತ್ತಗೆ ಪಾಠ ಮಾಡೋಕೆ ಹೇಳು," ಎಂದು ಅವನು ಕೆಳಗಿನಿಂದ ಕೂಗುವುದುಂಟು. "ಟ್ಯೂಬಲ್ಲಿ ಗಾಳಿ ಎಲ್ಲಿ ಹೋಗ್ತಿದೆ ಅಂತ ನಂಗೆ ಕೇಳಿಸ್ತಿಲ್ಲ."

"ನೀನು ಓದೋವಾಗ ಎರಡು ಕಿವೀಲೂ ಗಾಳೀನೇ ಹೋಗ್ತಿತ್ತು, ಆಗ ಕೇಳಿಸ್ತಾ?" ಎಂದು ಟೀಚರ್ ಮೇಲಿನಿಂದ ಉತ್ತರಿಸುತ್ತಾರೆ. ಇಷ್ಟಕ್ಕೆ ಅಕ್ಕ ತಮ್ಮಂದಿರ ಆ ದಿನದ ಮಾತುಕತೆ ಮುಗಿಯುತ್ತದೆ.

ಬೀದಿಯ ಕೊನೆಯಲ್ಲಿರುವ ಶಾಲೆಗೆ ಟೀಚರುಗಳು ಯಾವಾಗಲೂ ಹೊರಗಿನಿಂದಲೇ ಬರುತ್ತಿದ್ದರು. ಬಂದವರು ಮೊದಲು ವಾಪಸ್ ಹೋಗುವ ಬಸ್ಸಿನ ಹೊತ್ತು ಕೇಳುತ್ತಿದ್ದರು, ಆಮೇಲೆ ತರಗತಿ ಯಾವುದೆಂದು ಕೇಳುತ್ತಿದ್ದರು. ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಗ ಮಾಡಿಸಿಕೊಂಡು ಹೋಗಿರುತ್ತಿದ್ದರು. ಅದೇ ಶಾಲೆಯಲ್ಲಿ ತಲೆ ನರೆಯುವವರೆಗೆ ಕಲಿಸಿ ನಿವೃತ್ತರಾದ ಸೈಕಲ್ ಟೀಚರ್ ಒಂದು ತೀರ್ಮಾನಕ್ಕೆ ಬಂದರು. ಸಂಜೆ ಹೋಗಬೇಕಾದ ಮನೆ ಈ ಬೀದಿಯಲ್ಲೇ ಇದ್ದರೆ ಟೀಚರು ಬಸ್ಸಿನ ಹೊತ್ತು ಕೇಳುವುದಿಲ್ಲ.

ಆದರೆ ಇಲ್ಲಿಯವರನ್ನೇ ಟೀಚರ್ ಮಾಡುವುದರಲ್ಲಿ ಬೇರೆ ತಾಪತ್ರಯ. ಮಕ್ಕಳು "ಅಕ್ಕಾ" ಎಂದು ಸೆರಗು ಜಗ್ಗುತ್ತವೆ. ಪಾಠದ ನಡುವೆ ಯಾರದೋ ಅಜ್ಜಿ ಕಿಟಕಿಗೆ ಬಂದು, "ನಿಮ್ಮಮ್ಮ ಮನೇಲಿದ್ದಾಳೇನೇ?" ಎಂದು ಕೇಳುತ್ತಾಳೆ. ಇದಕ್ಕೆಲ್ಲ ಟೀಚರ್ ಕಂಡುಕೊಂಡ ಮದ್ದು ಅಭ್ಯಾಸ. ಸಂಜೆ ಬೀದಿಯ ಮಕ್ಕಳನ್ನು ಕರೆತಂದು ಬೆಂಚಿನಲ್ಲಿ ಕೂರಿಸುತ್ತಿದ್ದರು. ಕಲಿಯುವವರು ಆ ಮಕ್ಕಳ ಮುಂದೆ ಪಾಠ ಮಾಡಬೇಕು. ಎಡವಿದರೆ ಮೊದಲಿನಿಂದ.

ಈ ವರ್ಷ ಎಲ್ಲರ ಕಣ್ಣು ದರ್ಜಿ ಮಗಳ ಮೇಲಿತ್ತು. ಶಾಲೆಯ ಮೂರನೇ ತರಗತಿಗೆ ಟೀಚರೇ ಇರಲಿಲ್ಲ. ಶಿಕ್ಷಣ ಇಲಾಖೆಯ ಅಧಿಕಾರಿ ಬಂದು ಅವಳ ಪಾಠ ನೋಡಿ ಒಪ್ಪಿದರೆ ಆ ತರಗತಿ ಅವಳದು. ಒಪ್ಪದಿದ್ದರೆ ತರಗತಿಯನ್ನು ಮುಚ್ಚಿ, ಅಷ್ಟು ಚಿಕ್ಕ ಮಕ್ಕಳನ್ನು ಹೆದ್ದಾರಿಯ ಆಚೆಯ ಶಾಲೆಗೆ ಕಳಿಸುತ್ತಾರೆ. ಆ ಹೆದ್ದಾರಿ ದಾಟಲು ದೊಡ್ಡವರೇ ದೇವರನ್ನು ನೆನೆಯುತ್ತಾರೆ.

ದರ್ಜಿ ಮಗಳ ಸ್ವಭಾವ ಮೆತ್ತಗೆ, ದನಿ ಇನ್ನೂ ಮೆತ್ತಗೆ. ಅದಕ್ಕೆ ಟೀಚರ್ ಅವಳ ಪಾಠವನ್ನು ಒಂದು ಎಳೆಯೂ ಸಡಿಲವಾಗದಂತೆ ಹೆಣೆದರು. ನಾಲ್ಕನೇ ಒಂದು ಭಾಗ ದೊಡ್ಡದೋ ಎಂಟನೇ ಒಂದು ಭಾಗ ದೊಡ್ಡದೋ ಎಂದು ಅವಳು ಕೇಳಬೇಕು. ಒಂದು ಮಗು ತಪ್ಪು ಹೇಳಬೇಕು, ಇಲ್ಲದಿದ್ದರೆ ತಿದ್ದುವುದನ್ನು ತೋರಿಸುವುದು ಹೇಗೆ? ತಪ್ಪು ಹೇಳುವ ಕೆಲಸ ಗುಂಡನಿಗೆ ಬಂತು. "ಎಂಟು ದೊಡ್ಡದಲ್ವಾ ಟೀಚರ್?" ಎಂದು ಅವನು ಹೇಳಿದಾಗ ಉಳಿದವರು ನಗಬೇಕು, ಜಾಸ್ತಿ ನಗಬಾರದು. ಆಮೇಲೆ ಮುಂದಿನ ಬೆಂಚಿನ ಕುಳ್ಳಿ ಸರಿ ಉತ್ತರ ಹೇಳಬೇಕು. ಸಂಜೆ ಸಂಜೆ ಇದೇ ನಡೆಯಿತು. ಮಕ್ಕಳು ಆಟ ಬಿಟ್ಟು ಬಂದು ಕೂತರು. ಗುಂಡನಂತೂ ಮನೆಯಲ್ಲಿ ಊಟಕ್ಕೆ ಕೂತಾಗಲೂ ತಪ್ಪು ಹೇಳುವುದನ್ನು ಅಭ್ಯಾಸ ಮಾಡಿದನಂತೆ.

ಅಧಿಕಾರಿ ಜೀಪಿನಲ್ಲಿ ಬಂದು ಅಂಗಡಿ ಮೇಲಿನ ಕೋಣೆಯಲ್ಲೇ ಪಾಠ ನೋಡಲು ಕೂತರು. ಹೊರಗೆ ಬಿಸಿಲೆಂದು ಡ್ರೈವರನೂ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಕಲಿಸಿದವರು ಪರೀಕ್ಷೆಯಲ್ಲಿ ತುಟಿ ಬಿಚ್ಚುವಂತಿಲ್ಲ ಎಂದು ನಿಯಮ. ಸೈಕಲ್ ಟೀಚರ್ ಗೋಡೆಗೆ ಒರಗಿ ನಿಂತರು.

ದರ್ಜಿ ಮಗಳು ಮೊದಲು ಸುಲಭದ್ದು ಕೇಳೋಣ ಎಂದುಕೊಂಡು, "ಮಕ್ಕಳೇ, ಅರ್ಧ ದೊಡ್ಡದೋ, ಕಾಲು ದೊಡ್ಡದೋ?" ಎಂದಳು.

ಗುಂಡ ತಟ್ಟನೆ ಎದ್ದು ನಿಂತ. "ಎಂಟು ದೊಡ್ಡದಲ್ವಾ ಟೀಚರ್?"

ಎಲ್ಲರೂ ನಕ್ಕರು. ಜಾಸ್ತಿ ನಗಲಿಲ್ಲ.

ಅಧಿಕಾರಿ ಕನ್ನಡಕ ತೆಗೆದರು. "ಎಂಟು ಎಲ್ಲಿಂದ ಬಂತೋ?"

"ಇನ್ನೂ ಬಂದಿಲ್ಲ ಸಾರ್. ಆಮೇಲೆ ಬರುತ್ತೆ."

"ಮತ್ತೆ ನೀನು ಹೇಳಿದ್ದು ತಪ್ಪಲ್ವಾ?"

"ಹೂಂ ಸಾರ್, ತಪ್ಪು ನಂದು," ಎಂದ ಗುಂಡ ವಿನಯದಿಂದ. "ಸರಿ ಉತ್ತರ ಕುಳ್ಳೀದು."

ಕುಳ್ಳಿ ಎದ್ದು ನಿಂತು ಸರಿ ಉತ್ತರವನ್ನೂ ಹೇಳಿಬಿಟ್ಟಳು. ಅಲ್ಲಿಗೆ ಪಾಠ ಮುಗಿಯಿತು. ದರ್ಜಿ ಮಗಳು ಇನ್ನೂ ಹಲಗೆಯ ಮೇಲೆ ಒಂದು ಗೆರೆ ಎಳೆದಿರಲಿಲ್ಲ.

ಅಧಿಕಾರಿ ಸೈಕಲ್ ಟೀಚರ ಕಡೆ ತಿರುಗಿದರು. "ಮಕ್ಕಳಿಗೆ ಪಾಠ ಬರುತ್ತೆ ಅಂತ ಗೊತ್ತಾಯ್ತಮ್ಮ. ಈ ಹುಡುಗಿಗೆ ಪಾಠ ಮಾಡೋಕೆ ಬರುತ್ತೋ ಇಲ್ವೋ ಅಂತ ಗೊತ್ತಾಗ್ಲಿಲ್ಲ." ಆಮೇಲೆ ಕೋಣೆಯನ್ನೆಲ್ಲ ನೋಡಿದರು. "ಇದು ಗೊತ್ತಿಲ್ದೇ ಇರೋರು ಇಲ್ಲಿ ಯಾರಾದ್ರೂ ಇದ್ದೀರಾ?"

ಹಿಂದಿನ ಬೆಂಚಿನಲ್ಲಿ ಡ್ರೈವರ್ ಕೈ ಎತ್ತಿದ. "ಸಾರ್, ಎಂಟೇ ದೊಡ್ಡದಲ್ವಾ? ಆ ಮಗು ಸರಿಯಾಗೇ ಹೇಳ್ತು."

"ತಮಾಷೆ ಮಾಡ್ತಿದ್ದೀಯೇನಯ್ಯಾ?"

"ಇಲ್ಲ ಸಾರ್. ಇದೇ ಲೆಕ್ಕಕ್ಕೆ ನಾನು ಶಾಲೆ ಬಿಟ್ಟಿದ್ದು."

"ಸರಿ. ಅವನಿಗೆ ಕಲ್ಸಮ್ಮ," ಎಂದರು ಅಧಿಕಾರಿ. "ನಾನು ಕೂತಿರ್ತೀನಿ."

ದರ್ಜಿ ಮಗಳು ಒಂದು ಕಾಗದವನ್ನು ನಾಲ್ಕು ತುಂಡು ಮಾಡಿದಳು, ಅಷ್ಟೇ ದೊಡ್ಡ ಇನ್ನೊಂದನ್ನು ಎಂಟು ತುಂಡು ಮಾಡಿದಳು. ಎರಡರಿಂದಲೂ ಒಂದೊಂದು ತುಂಡನ್ನು ಡ್ರೈವರನ ಮುಂದಿಟ್ಟಳು. ಅವನು ಬಗ್ಗಿ ನೋಡಿದ.

"ಇದು ಹರಿದ ಕಾಗದ ಕಣಮ್ಮ. ನಾನು ಕೇಳ್ತಿರೋದು ಲೆಕ್ಕ. ನಾಲ್ಕಕ್ಕಿಂತ ಎಂಟು ಹೆಚ್ಚು ತಾನೇ?"

ಈ ಮಾತಿಗೆ ಉತ್ತರವನ್ನು ಸೈಕಲ್ ಟೀಚರ್ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಇಂಥ ಪ್ರಶ್ನೆ ಬರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ದರ್ಜಿ ಮಗಳು ಅವರ ಮುಖ ನೋಡಿದಳು. ಟೀಚರಿಗೆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಧಿಕಾರಿ ಆಗ ಕನ್ನಡಕ ಒರೆಸುತ್ತಿದ್ದರು, ಕೈಸನ್ನೆ ಮಾಡಿದ್ದರೂ ಕಾಣುತ್ತಿರಲಿಲ್ಲ. ಟೀಚರ್ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಟೈರುಗಳನ್ನೇ ನೋಡುತ್ತ ನಿಂತರು. ನಾಳೆ ಆ ತರಗತಿಯಲ್ಲಿ ಇವಳ ಪಕ್ಕ ಗೋಡೆಗೆ ಒರಗಿ ನಿಲ್ಲಲು ಯಾರೂ ಇರುವುದಿಲ್ಲ ಎಂದು ಅವರಿಗೆ ಆಗ ಅನ್ನಿಸಿತಂತೆ.

ದರ್ಜಿ ಮಗಳು ಡ್ರೈವರನನ್ನು, "ಅಣ್ಣಾ, ಈ ಕಡೆ ಬನ್ನಿ," ಎಂದು ಮುಂದಿನ ಬೆಂಚಿಗೆ ಕರೆದು, ಮೂರು ಮಕ್ಕಳ ಜೊತೆ ಕೂರಿಸಿದಳು. "ಒಂದು ಬೆಂಚು, ನಾಲ್ಕು ಜನ. ನಿಮ್ಮ ಪಾಲಿನ ಜಾಗ ಸಾಕಾ?"

"ಆರಾಮಾಗಿದೆ."

ಅವಳು ಇನ್ನೂ ನಾಲ್ವರನ್ನು ಅದೇ ಬೆಂಚಿಗೆ ಹತ್ತಿಸಿದಳು. ಕೊನೆಯವನು ಗುಂಡ. ಅವನು ಕೂತ ರಭಸಕ್ಕೆ ಡ್ರೈವರ್ ಆಚೆ ತುದಿಗೆ ಜಾರಿ ಒಂದು ಕಾಲನ್ನು ನೆಲಕ್ಕೆ ಊರಿಕೊಂಡ.

"ಈಗ ಎಂಟು ಜನ. ನಿಮ್ಮ ಪಾಲು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?"

"ಎಲ್ಲಿದೆ ಪಾಲು? ಅರ್ಧ ಮೈ ಗಾಳೀಲಿದೆ."

"ಎಂಟು ಅಂದ್ರೆ ಪಾಲು ಕೇಳೋ ಜನ ಅಣ್ಣಾ. ಜನ ಜಾಸ್ತಿ ಆದಷ್ಟೂ ನಿಮ್ಮ ಪಾಲು ಸಣ್ಣದು."

ಡ್ರೈವರ್ ಅರೆಕೂತ ಭಂಗಿಯಲ್ಲೇ ಯೋಚಿಸಿದ. "ಹಾಗಾದ್ರೆ ಹದಿನಾರನೇ ಒಂದು ಭಾಗ ಇನ್ನೂ ಸಣ್ಣದಾ?"

"ನೀವೇ ಹೇಳಿ."

"ನಾನು ನೆಲದ ಮೇಲಿರ್ತೀನಿ," ಎಂದ ಡ್ರೈವರ್. ಸ್ವಲ್ಪ ತಡೆದು, "ಇಷ್ಟೇನಾ?" ಎಂದ. ಯಾರ ಮೇಲೋ ಸಿಟ್ಟು ಬಂದವನ ಹಾಗೆ ಕಂಡ.

ಮಕ್ಕಳು ಈ ಸಲ ಜಾಸ್ತಿಯೇ ನಕ್ಕರು. ಯಾರೂ ಹೇಳಿಕೊಟ್ಟಿರಲಿಲ್ಲ.

ಅಧಿಕಾರಿ ಎದ್ದರು. "ಮೂರನೇ ತರಗತಿ ಮುಚ್ಚೋದು ಬೇಡ. ಸೋಮವಾರದಿಂದ ಬರಲಿ ಈ ಹುಡುಗಿ," ಎಂದರು. ಮೆಟ್ಟಿಲು ಇಳಿಯುವ ಮೊದಲು ಸೈಕಲ್ ಟೀಚರಿಗೆ, "ಅಮ್ಮಾ, ಇನ್ಮೇಲೆ ಮಕ್ಕಳಿಗೆ ತಪ್ಪು ಕಲಿಸ್ಬೇಡಿ. ತಪ್ಪು ಮಾಡೋದು ಅವಕ್ಕೆ ತಾನಾಗೇ ಬರುತ್ತೆ," ಎಂದರು.

"ಆಗಲಿ ಸಾರ್," ಎಂದರು ಟೀಚರ್.

ಜೀಪು ಹೋದ ಮೇಲೆ ದರ್ಜಿ ಮಗಳು ಹಲಗೆಗೆ ಹಣೆ ಒತ್ತಿಕೊಂಡು ಅತ್ತಳು. ಟೀಚರ್ ಅವಳ ಪಕ್ಕ ಬಂದು ನಿಂತರು. "ದನಿ ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ. ಕಾಗದದ ಚೂರು ಇನ್ನೂ ನೆಲದ ಮೇಲೇ ಇದೆ," ಎಂದರು. ಆಮೇಲೆ ತಾವೇ ಬಗ್ಗಿ ಚೂರುಗಳನ್ನು ಹೆಕ್ಕತೊಡಗಿದರು. ಅವರು ಯಾರ ಚೂರುಗಳನ್ನೂ ಹೆಕ್ಕಿದ್ದನ್ನು ದರ್ಜಿ ಮಗಳು ಅದುವರೆಗೆ ನೋಡಿರಲಿಲ್ಲವಂತೆ.

ಈಗ ಕೋಣೆಯಲ್ಲಿ ಹೊಸಬರು ಕಲಿಯುತ್ತಿದ್ದಾರೆ. ಪಾಠ ಗೊತ್ತಿರುವ ಮಕ್ಕಳನ್ನು ಟೀಚರ್ ಒಳಗೆ ಬಿಡುವುದಿಲ್ಲ. ಗುಂಡನಿಗೆ ಕೆಲಸ ಹೋಗಿದೆ. ನಿಜವಾಗಿಯೂ ಗೊತ್ತಿಲ್ಲದವರು ಬೇಕು, ವಯಸ್ಸು ಎಷ್ಟಾದರೂ ಪರವಾಗಿಲ್ಲ ಎಂದು ಬೀದಿಯಲ್ಲೆಲ್ಲ ಹೇಳಿ ಕಳಿಸಿದ್ದಾರೆ.

ನನಗೆ ಭಾಗಾಕಾರ ಬರುವುದಿಲ್ಲ. ನಾಳೆ ಸಂಜೆ ಹೋಗಿ ಅಲ್ಲಿ ಕೂರುತ್ತೇನೆ.